ಮಾತ್ರೆ ಉಳಿಯಿತು, ತಲುಪಿಸುವವರು ಹೋದರು: ಆಫ್ರಿಕಾದ ಏಡ್ಸ್ ನೆರವಿಗೆ ಬಿದ್ದ ಪೆಟ್ಟು

ಡೊನಾಲ್ಡ್ ಟ್ರಂಪ್ ಎರಡನೇ ಬಾರಿಗೆ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ದಿನವೇ, ಅಂದರೆ 2025ರ ಜನವರಿ 20ರಂದು, ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಆ ವಾರ ಮುಗಿಯುವುದರೊಳಗೆ, ನಡೆಯುತ್ತಿರುವ ಕೆಲಸವನ್ನೂ ಕೂಡಲೇ ನಿಲ್ಲಿಸಬೇಕು ಎಂಬ ಸೂಚನೆ ಜಗತ್ತಿನಾದ್ಯಂತ ಹೋಯಿತು. ಅಮೆರಿಕದ ಹಣದಿಂದ ಎಚ್‌ಐವಿ ಚಿಕಿತ್ಸೆ ನಡೆಸುತ್ತಿದ್ದ ಆಫ್ರಿಕಾದ ಸಂಸ್ಥೆಗಳು ತಮ್ಮ ನೌಕರರಿಗೆ ನಾಳೆಯಿಂದ ಬರಬೇಡಿ ಎಂದು ಹೇಳಬೇಕಾಯಿತು. ಎಷ್ಟೋ ಕಡೆ ಉಗ್ರಾಣದಲ್ಲಿ ತಿಂಗಳುಗಟ್ಟಲೆಗೆ ಸಾಲುವಷ್ಟು ಔಷಧ ಇತ್ತು. ಅದನ್ನು ಎಣಿಸಿ ಕೊಡುವವರು, ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವವರು, ಹೇಳಿದ ದಿನ ಬಾರದ ರೋಗಿಯ ಮನೆ ಹುಡುಕಿಕೊಂಡು ಹೋಗುವವರು ಮಾತ್ರ ಇರಲಿಲ್ಲ.

ಜನವರಿ 28ರಂದು ಜೀವರಕ್ಷಕ ಔಷಧಗಳಿಗೆ ವಿನಾಯಿತಿ ಕೊಡಲಾಗಿದೆ ಎಂದು ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಪ್ರಕಟಿಸಿದರು. ಸೋಂಕು ತಗಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಮಾತ್ರೆ ಆ ವಿನಾಯಿತಿಯಡಿ ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಮಾತ್ರ ಸಿಗುತ್ತಿತ್ತು. ವಿನಾಯಿತಿ ಕಾಗದದ ಮೇಲಿತ್ತೇ ಹೊರತು, ಹಣ ಪಾವತಿಯ ವ್ಯವಸ್ಥೆಯೇ ಕುಸಿದಿದ್ದರಿಂದ ಬಹಳಷ್ಟು ಸಂಸ್ಥೆಗಳಿಗೆ ಸಂಬಳ ಕೊಡಲು ಕಾಸು ಬರಲಿಲ್ಲ. ಫೆಬ್ರುವರಿ ಕೊನೆಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಸಾವಿರಾರು ಗುತ್ತಿಗೆಗಳು ಶಾಶ್ವತವಾಗಿ ರದ್ದಾದವು. ಜುಲೈ 1ಕ್ಕೆ ಆ ಸಂಸ್ಥೆಯೇ ಮುಚ್ಚಿತು.

ಎಚ್‌ಐವಿ ಔಷಧ ನಿಂತರೆ ಏನಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಾತ್ರೆಯನ್ನು ತಪ್ಪದೆ ನುಂಗುತ್ತಿರುವವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ತಗ್ಗಿರುತ್ತದೆ, ಅಂಥವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಹರಡುವುದಿಲ್ಲ. ನುಂಗುವುದು ನಿಂತರೆ ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ವೈರಾಣು ಮತ್ತೆ ತಲೆಯೆತ್ತುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದ ವೈರಾಣು ಹುಟ್ಟುವ ಅಪಾಯವೂ ಇದೆ. ಸೋಂಕಿತ ಗರ್ಭಿಣಿಗೆ ಚಿಕಿತ್ಸೆಯೇ ಸಿಗದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45ರಷ್ಟು, ಸಿಕ್ಕರೆ ಅದು ಶೇ 5ಕ್ಕೂ ಕೆಳಗೆ ಇಳಿಯುತ್ತದೆ. ಮೂರು ತಿಂಗಳ ತಡೆ ಎಂದರೆ ಈ ರೋಗದ ಮಟ್ಟಿಗೆ ಬಹಳ ದೀರ್ಘ ಕಾಲ.

ಈ ಬಗ್ಗೆ ನಮ್ಮಲ್ಲಿ ಬಂದ ವರದಿಗಳಲ್ಲಿ ಎರಡು ಧ್ವನಿಗಳೇ ಹೆಚ್ಚಾಗಿ ಕೇಳಿಸಿದವು. ಹಣ ನಿಂತಿತು, ಜನ ಸಾಯುತ್ತಾರೆ ಎಂಬುದು ಒಂದು. ಇಪ್ಪತ್ತು ವರ್ಷ ಕೊಟ್ಟರೂ ತಮ್ಮ ಕಾಲ ಮೇಲೆ ನಿಲ್ಲದ ದೇಶಗಳಿಗೆ ಇನ್ನೆಷ್ಟು ದಿನ ಕೊಡಬೇಕು ಎಂಬುದು ಮತ್ತೊಂದು. ಮೊದಲನೆಯದು ನಿಜ. ಎರಡನೆಯದು ಆಫ್ರಿಕಾದಲ್ಲಿ ಏನು ನಡೆಯಿತು ಎಂದು ತಿಳಿಯದೆ ಆಡುವ ಮಾತು. ನನ್ನ ದೃಷ್ಟಿಯಲ್ಲಿ ಆ ನೆರವು ಕಟ್ಟಿಕೊಟ್ಟ ಅತಿ ದೊಡ್ಡ ಆಸ್ತಿ ಔಷಧವಲ್ಲ, ಔಷಧವನ್ನು ಮನುಷ್ಯರಿಗೆ ಮುಟ್ಟಿಸಲು ಕಲಿತ ಲಕ್ಷಾಂತರ ಮಂದಿ. ಅವರನ್ನು ಆಯಾ ದೇಶದ ಸಂಬಳದ ಪಟ್ಟಿಯಿಂದ ಹೊರಗಿಟ್ಟು, ವಾಷಿಂಗ್ಟನ್ನಿನ ವರ್ಷ ವರ್ಷದ ಮಂಜೂರಾತಿಗೆ ನೇತುಹಾಕಿದ್ದೇ ಆ ನೆರವಿನ ಅತಿ ದೊಡ್ಡ ತಪ್ಪು. ಆಫ್ರಿಕಾದ ಸರ್ಕಾರಗಳ ಜೊತೆ ಅಮೆರಿಕ ಈಗ ಮಾಡಿಕೊಳ್ಳುತ್ತಿರುವ ಹೊಸ ಒಪ್ಪಂದಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು.

ಔಷಧದ ಬೆಲೆ ಇಳಿದದ್ದು ಯಾರ ದಾನದಿಂದಲೂ ಅಲ್ಲ. 1996ರ ಹೊತ್ತಿಗೆ ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ಏಡ್ಸ್ ರೋಗಿ ಬದುಕುತ್ತಾನೆ ಎಂಬುದು ಸಿದ್ಧವಾಗಿತ್ತು. ವರ್ಷಕ್ಕೆ ಒಬ್ಬರಿಗೆ 10 ಸಾವಿರದಿಂದ 15 ಸಾವಿರ ಡಾಲರ್ ಖರ್ಚು. ಅಮೆರಿಕ, ಯುರೋಪಿನಲ್ಲಿ ಸಾವು ಇಳಿಯಿತು, ಆಫ್ರಿಕಾದಲ್ಲಿ ಏರುತ್ತಲೇ ಹೋಯಿತು. 2000ದ ಜುಲೈನಲ್ಲಿ ಡರ್ಬನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ಎಡ್ವಿನ್ ಕ್ಯಾಮರೂನ್, ತಾವು ಸೋಂಕಿತರಾಗಿದ್ದೂ ವೇದಿಕೆಯ ಮೇಲೆ ನಿಂತಿರುವುದು ಜೀವವನ್ನು ಕೊಳ್ಳುವ ಶಕ್ತಿ ತಮಗೆ ಇದ್ದುದರಿಂದ ಎಂದು ಹೇಳಿದರು. ಅದೇ ದೇಶ ಅಗ್ಗದ ಔಷಧ ತರಿಸಿಕೊಳ್ಳಲು 1997ರಲ್ಲಿ ಮಾಡಿದ ಕಾನೂನಿನ ವಿರುದ್ಧ ಔಷಧ ಕಂಪನಿಗಳು ಕೋರ್ಟಿಗೆ ಹೋಗಿದ್ದವು. ವಿಚಾರಣೆಯ ಹೊತ್ತಿಗೆ ದಾವೆಯಲ್ಲಿ 39 ಕಂಪನಿಗಳಿದ್ದವು. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ರೋಗಿಗಳ ಸಂಘಟನೆ ಬೀದಿಗಿಳಿಯಿತು. ಅದರ ನಾಯಕ ಜಾಕಿ ಅಖ್ಮತ್, ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಸಿಗುವವರೆಗೆ ತಾವೂ ಔಷಧ ಮುಟ್ಟುವುದಿಲ್ಲ ಎಂದು ಶಪಥ ಮಾಡಿ, ಕಾಯಿಲೆ ಬಿದ್ದರೂ ಮಾತಿಗೆ ತಪ್ಪಲಿಲ್ಲ. ಜಗತ್ತಿನ ಛೀಮಾರಿಗೆ ಅಂಜಿ 2001ರ ಏಪ್ರಿಲ್‌ನಲ್ಲಿ ಕಂಪನಿಗಳು ದಾವೆ ಹಿಂತೆಗೆದುಕೊಂಡವು.

ಅದಕ್ಕೆ ಎರಡು ತಿಂಗಳ ಮುಂಚೆ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ‘ಗಡಿಗಳಿಲ್ಲದ ವೈದ್ಯರು’ (ಎಂಎಸ್‌ಎಫ್) ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಗೆ ಮೂರೂ ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವುದಾಗಿ ಘೋಷಿಸಿದ್ದರು. ಅದು ಸಾಧ್ಯವಾದದ್ದು 1970ರ ಭಾರತೀಯ ಪೇಟೆಂಟ್ ಕಾಯ್ದೆಯಿಂದ. ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್, ಔಷಧಕ್ಕೇ ಅಲ್ಲ ಎಂಬುದು ಆ ಕಾಯ್ದೆಯ ತಿರುಳು. ಬೇರೆ ವಿಧಾನ ಕಂಡುಹಿಡಿದರೆ ಅದೇ ಔಷಧವನ್ನು ನಮ್ಮವರು ತಯಾರಿಸಬಹುದಿತ್ತು. (2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ತಕ್ಕಂತೆ ಆ ಕಾಯ್ದೆ ಬದಲಾಯಿತು.) ಬೆಲೆ ಆಮೇಲೆ ಇಳಿಯುತ್ತಲೇ ಹೋಯಿತು. ಈಗ ಎಲ್ಲೆಡೆ ಕೊಡುವ, ಮೂರು ಔಷಧಗಳನ್ನು ಒಂದರಲ್ಲೇ ಅಡಕ ಮಾಡಿದ ಮಾತ್ರೆ 2023ರಲ್ಲಿ ವರ್ಷಕ್ಕೆ 45 ಡಾಲರಿಗಿಂತ ಕೆಳಗೆ ಬಂತು. ಇಂದಿನ ಲೆಕ್ಕದಲ್ಲಿ ಸುಮಾರು 4 ಸಾವಿರ ರೂಪಾಯಿ.

ಬೆಲೆ ಇಳಿದ ಮೇಲೂ ಆಫ್ರಿಕನ್ನರಿಗೆ ಈ ಔಷಧ ಕೊಟ್ಟು ಪ್ರಯೋಜನವಿಲ್ಲ ಎನ್ನುವವರು ದೊಡ್ಡ ಸ್ಥಾನಗಳಲ್ಲಿದ್ದರು. ಅವರಿಗೆ ಗಡಿಯಾರದ ಸಮಯ ಗೊತ್ತಿಲ್ಲ, ಹೊತ್ತುಹೊತ್ತಿಗೆ ಮಾತ್ರೆ ನುಂಗುವುದಿಲ್ಲ ಎಂಬ ಅರ್ಥದ ಮಾತನ್ನು 2001ರಲ್ಲಿ ಆಡಿದವರು ಅಂದಿನ ಯುಎಸ್‌ಏಡ್ ಮುಖ್ಯಸ್ಥ ಆ್ಯಂಡ್ರ್ಯೂ ನ್ಯಾಟ್ಸಿಯೊಸ್. ಐದು ವರ್ಷಗಳ ನಂತರ ಸಂಶೋಧಕರು ಎರಡೂ ಖಂಡಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುವವರ ಪ್ರಮಾಣ ಆಫ್ರಿಕಾದಲ್ಲಿ ಶೇ 77 ಇತ್ತು, ಉತ್ತರ ಅಮೆರಿಕದಲ್ಲಿ ಶೇ 55. ಕೇಪ್‌ಟೌನ್ ಹೊರವಲಯದ ಖಾಯೆಲಿಟ್ಶಾ ಎಂಬ ಬಡವರ ಬಡಾವಣೆಯಲ್ಲಿ ಗಡಿಗಳಿಲ್ಲದ ವೈದ್ಯರು 2001ರಲ್ಲೇ ಚಿಕಿತ್ಸೆ ಆರಂಭಿಸಿ ಇದನ್ನು ಕಣ್ಣೆದುರು ತೋರಿಸಿಕೊಟ್ಟಿದ್ದರು. ಹಾಗಿದ್ದೂ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ, ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆ ಎಂಬುದನ್ನೇ ಶಂಕಿಸಿ ಔಷಧ ವಿತರಣೆಯನ್ನು ತಡಮಾಡಿದರು. ಆ ತಡದಿಂದ ಸತ್ತವರು 3 ಲಕ್ಷ 30 ಸಾವಿರಕ್ಕೂ ಹೆಚ್ಚು ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು.

ದೊಡ್ಡ ಹಣ ಬಂದದ್ದು ಇಷ್ಟೆಲ್ಲ ಆದಮೇಲೆ. 2002ರಲ್ಲಿ ಜಿನೀವಾದಲ್ಲಿ ಗ್ಲೋಬಲ್ ಫಂಡ್ ಆರಂಭವಾಯಿತು. ಏಡ್ಸ್, ಕ್ಷಯ, ಮಲೇರಿಯಾ ಮೂರಕ್ಕೂ ಹಲವು ದೇಶಗಳು, ಗೇಟ್ಸ್ ಫೌಂಡೇಷನ್‌ನಂಥ ದತ್ತಿ ಸಂಸ್ಥೆಗಳು, ಕಂಪನಿಗಳು ಹಾಕುವ ಹಣ ಅದು. 2003ರ ಜನವರಿ 28ರಂದು ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಐದು ವರ್ಷಕ್ಕೆ 1,500 ಕೋಟಿ ಡಾಲರ್‌ಗಳ ಏಡ್ಸ್ ಯೋಜನೆ ಘೋಷಿಸಿದರು. ಪೆಪ್‌ಫಾರ್ ಎಂದು ಹೆಸರಾದ ಈ ಯೋಜನೆ, ಒಂದೇ ಒಂದು ರೋಗದ ವಿರುದ್ಧ ಒಂದು ದೇಶ ಹಾಕಿದ ಅತಿ ದೊಡ್ಡ ಬಂಡವಾಳ. ಅಂದು ಬುಷ್ ಹೇಳಿದಂತೆ ಆಫ್ರಿಕಾದಲ್ಲಿ ಸುಮಾರು 3 ಕೋಟಿ ಸೋಂಕಿತರಿದ್ದು, ಔಷಧ ಸಿಗುತ್ತಿದ್ದವರು 50 ಸಾವಿರ. 2024ರ ಕೊನೆಗೆ ಪೆಪ್‌ಫಾರ್ ನೆರವಿನಿಂದ ಚಿಕಿತ್ಸೆ ಪಡೆಯುತ್ತಿದ್ದವರು 2 ಕೋಟಿಗೂ ಹೆಚ್ಚು, ಅವರಲ್ಲಿ ಬಹುಪಾಲು ಆಫ್ರಿಕನ್ನರು. ಜಗತ್ತಿನಲ್ಲಿ ಏಡ್ಸ್ ಸಾವು 2004ರಲ್ಲಿ 20 ಲಕ್ಷ ದಾಟಿತ್ತು, 2024ರಲ್ಲಿ 6 ಲಕ್ಷ 30 ಸಾವಿರಕ್ಕೆ ಇಳಿಯಿತು. ಹೊರದೇಶಗಳ ಸರ್ಕಾರಿ ನೆರವು ಇಷ್ಟು ಸ್ಪಷ್ಟವಾಗಿ ಜೀವ ಉಳಿಸಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಇನ್ನು ಔಷಧವನ್ನು ಜನರಿಗೆ ಮುಟ್ಟಿಸಿದ ಆ ಮನುಷ್ಯರ ವಿಷಯ. ಆಫ್ರಿಕಾದಲ್ಲಿ ಈ ಕೆಲಸವನ್ನು ಮೊದಲು ಮಾಡಿದವರು ವಿದೇಶಿಯರಲ್ಲ. ಉಗಾಂಡದ ಕಂಪಾಲಾದಲ್ಲಿ ನೊಯೆರಿನ್ ಕಲೀಬಾ ಎಂಬ ಮಹಿಳೆ, ಪತಿಯನ್ನು ಏಡ್ಸ್‌ಗೆ ಕಳೆದುಕೊಂಡ ನಂತರ 1987ರಲ್ಲಿ ಕೆಲವರನ್ನು ಕೂಡಿಸಿಕೊಂಡು ಟಾಸೊ ಎಂಬ ಸಂಘ ಕಟ್ಟಿದರು. ಸೇರಿದವರಲ್ಲಿ ಹೆಚ್ಚಿನವರು ಸ್ವತಃ ಸೋಂಕಿತರು. ಔಷಧವೇ ಇಲ್ಲದ ಕಾಲ. ರೋಗಿಯ ಮನೆಗೆ ಹೋಗಿ ಹುಣ್ಣು ತೊಳೆಯುವುದು, ಕುಟುಂಬದವರಿಗೆ ಮುಟ್ಟಿದರೆ ಬರುವುದಿಲ್ಲ ಎಂದು ತಿಳಿಹೇಳುವುದು, ಮಕ್ಕಳ ಗತಿ ಏನೆಂದು ಸಾಯುವ ಮೊದಲೇ ಕೂತು ಮಾತಾಡುವುದು ಅವರ ಕೆಲಸವಾಗಿತ್ತು. ಹದಿನೈದು ವರ್ಷಗಳ ನಂತರ ಹಣವೂ ಔಷಧವೂ ಬಂದಾಗ ಹಿಡಿದು ನಡೆಯಲು ಇಂಥವರು ಹಾಕಿದ ದಾರಿ ಇತ್ತು.

ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಚಿಕಿತ್ಸಾ ಕೇಂದ್ರ ಹಳ್ಳಿಗಳಿಂದ ಬಹಳ ದೂರ. ತಿಂಗಳಿಗೊಮ್ಮೆ ಮಾತ್ರೆಗಾಗಿ ಒಂದು ಇಡೀ ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ಸಾಲಿನಲ್ಲಿ ನಿಲ್ಲಬೇಕು. ಎಷ್ಟೋ ಜನ ನಡುವೆಯೇ ಬಿಟ್ಟುಬಿಡುತ್ತಿದ್ದರು. 2008ರಲ್ಲಿ ಗಡಿಗಳಿಲ್ಲದ ವೈದ್ಯರು ಮತ್ತು ಅಲ್ಲಿನ ಆರೋಗ್ಯ ಇಲಾಖೆ ರೋಗಿಗಳನ್ನು ಆರಾರು ಜನರ ಗುಂಪುಗಳಾಗಿ ಸೇರಿಸತೊಡಗಿದವು. ಪ್ರತಿ ತಿಂಗಳು ಆರೂ ಮಂದಿ ಒಬ್ಬರ ಮನೆಯಲ್ಲಿ ಕೂಡುತ್ತಾರೆ. ಉಳಿದ ಮಾತ್ರೆ ಎಣಿಸುತ್ತಾರೆ, ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ವಿಚಾರಿಸಿ ಗುಂಪಿನ ಚೀಟಿಯಲ್ಲಿ ಗುರುತು ಹಾಕುತ್ತಾರೆ. ಆ ತಿಂಗಳ ಸರದಿ ಯಾರದೋ ಅವರು ಎಲ್ಲರ ಕಾರ್ಡುಗಳನ್ನು ಒಯ್ದು, ತಮ್ಮ ತಪಾಸಣೆಯನ್ನೂ ಮಾಡಿಸಿಕೊಂಡು, ಆರೂ ಜನರ ಔಷಧ ಹೊತ್ತು ತರುತ್ತಾರೆ. ಹೀಗೆ ಒಬ್ಬೊಬ್ಬರ ಪಾಲಿಗೆ ಆರು ತಿಂಗಳಿಗೊಂದು ಪ್ರಯಾಣ. ಗುಂಪಿಗೆ ಸೇರಿದವರಲ್ಲಿ ಚಿಕಿತ್ಸೆ ಕೈಬಿಟ್ಟವರು ಬಹಳ ಕಡಿಮೆ. ಈ ಪದ್ಧತಿ ಮೊಜಾಂಬಿಕ್‌ನ ಉಳಿದೆಡೆಗೂ ಬೇರೆ ದೇಶಗಳಿಗೂ ಹಬ್ಬಿತು. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿರಲಿಲ್ಲ. ಗುಂಪು ಕಟ್ಟಿಸಲು, ಜಗಳ ಬಂದರೆ ಬಗೆಹರಿಸಲು, ಸರದಿಯವರು ಬಾರದಿದ್ದರೆ ಹುಡುಕಿಕೊಂಡು ಹೋಗಲು ಸಂಬಳದ ಒಬ್ಬ ಕಾರ್ಯಕರ್ತ ಬೇಕಿತ್ತು.

ಅದೇ ರೀತಿ 2001ರಲ್ಲಿ ಕೇಪ್‌ಟೌನ್‌ನಲ್ಲಿ ಆರಂಭವಾದ ‘ಮದರ್ಸ್ ಟು ಮದರ್ಸ್’ ಸಂಸ್ಥೆ, ತಮಗೆ ಸೋಂಕಿದ್ದು, ಮಗುವಿಗೆ ತಗಲದಂತೆ ಚಿಕಿತ್ಸೆ ಪಡೆದ ತಾಯಂದಿರನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಗರ್ಭಿಣಿಗೆ ಪರೀಕ್ಷೆಯಲ್ಲಿ ಸೋಂಕು ಇದೆ ಎಂದು ಗೊತ್ತಾದ ಕ್ಷಣದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿರುವವಳು ಇದನ್ನೆಲ್ಲ ಅನುಭವಿಸಿ ದಾಟಿದ ಹೆಂಗಸು. ಗಂಡನಿಗೆ ಹೇಗೆ ಹೇಳುವುದು, ಅತ್ತೆಯ ಎದುರು ಮಾತ್ರೆ ಹೇಗೆ ನುಂಗುವುದು ಎಂಬಂಥ ಪ್ರಶ್ನೆಗಳಿಗೆ ವೈದ್ಯರ ಬಳಿ ಉತ್ತರ ಇರುವುದಿಲ್ಲ, ಅವಳ ಬಳಿ ಇರುತ್ತದೆ. ಅವಳಿಗೆ ಸಂಬಳ ಕೊಡುತ್ತಿದ್ದುದು ಹೆಚ್ಚಾಗಿ ವಿದೇಶಿ ದೇಣಿಗೆ. ನಮ್ಮ ಆಶಾ ಕಾರ್ಯಕರ್ತೆಯರು ಎಷ್ಟೇ ಕಡಿಮೆ ಗೌರವಧನ ಪಡೆದರೂ ಸರ್ಕಾರದ ಲೆಕ್ಕದಲ್ಲಿದ್ದಾರೆ. ಆಫ್ರಿಕಾದ ಈ ಹೆಂಗಸರಲ್ಲಿ ಬಹಳಷ್ಟು ಜನ ಹಾಗೆ ಸರ್ಕಾರದ ಲೆಕ್ಕದಲ್ಲಿರಲಿಲ್ಲ.

ತಪ್ಪಿನ ಬೇರು ಇರುವುದು ಇಲ್ಲಿ. ಪೆಪ್‌ಫಾರ್ ತುರ್ತು ಯೋಜನೆಯಾಗಿ ಹುಟ್ಟಿತು. ತುರ್ತಿನಲ್ಲಿ ಸರ್ಕಾರಗಳ ನಿಧಾನಕ್ಕೆ ಕಾಯುವಂತಿರಲಿಲ್ಲ, ಆದ್ದರಿಂದ ಹಣದ ದೊಡ್ಡ ಪಾಲು ಅಮೆರಿಕದ ಮತ್ತು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಮೂಲಕ ಹೋಯಿತು. ಅವು ತಮ್ಮದೇ ನೌಕರರನ್ನು ನೇಮಿಸಿದವು, ತಮ್ಮದೇ ಔಷಧ ಸಾಗಣೆ, ತಮ್ಮದೇ ಕಂಪ್ಯೂಟರ್ ದಾಖಲೆ ನಡೆಸಿದವು. 2003ರಲ್ಲಿ ಅದು ಸರಿಯಾದ ನಿರ್ಧಾರ, ಜನ ಸಾಯುತ್ತಿದ್ದರು. 2013ರಲ್ಲೂ, 2023ರಲ್ಲೂ ಹಾಗೆಯೇ ಮುಂದುವರಿದದ್ದು ಸರಿಯಲ್ಲ. ಗುತ್ತಿಗೆ ಪಡೆದ ದೊಡ್ಡ ಸಂಸ್ಥೆಗಳಿಗೆ ಬದಲಾವಣೆ ಬೇಕಿರಲಿಲ್ಲ, ತಮ್ಮ ಬಜೆಟ್ಟಿನಲ್ಲಿ ಆರೋಗ್ಯಕ್ಕೆ ಹಣ ಇಡುವ ಕಷ್ಟ ಆಫ್ರಿಕಾದ ಹಣಕಾಸು ಸಚಿವರಿಗೂ ಬೇಕಿರಲಿಲ್ಲ. 2001ರಲ್ಲಿ ಅಬುಜಾದಲ್ಲಿ ಸೇರಿದ ಆಫ್ರಿಕಾದ ನಾಯಕರು ಬಜೆಟ್ಟಿನ ಶೇ 15ರಷ್ಟನ್ನು ಆರೋಗ್ಯಕ್ಕೆ ಮೀಸಲಿಡುವ ವಾಗ್ದಾನ ಮಾಡಿದ್ದರು. ಅದನ್ನು ಉಳಿಸಿಕೊಂಡವರು ಬೆರಳೆಣಿಕೆಯಷ್ಟು.

ಹಣ ಕೊಟ್ಟವರ ನಂಬಿಕೆಗಳೂ ಹಣದ ಜೊತೆಗೇ ಬಂದವು. ತಡೆಗಟ್ಟುವಿಕೆಗೆ ಇಟ್ಟ ಹಣದಲ್ಲಿ ಮೂರನೇ ಒಂದು ಪಾಲನ್ನು, ಮದುವೆಯವರೆಗೆ ಬ್ರಹ್ಮಚರ್ಯ ಎಂಬ ಪ್ರಚಾರಕ್ಕೇ ಖರ್ಚು ಮಾಡಬೇಕು ಎಂದು ಪೆಪ್‌ಫಾರ್‌ನ ಮೊದಲ ಕಾನೂನು ಹೇಳಿತ್ತು. ಅಂಥ ಪ್ರಚಾರಕ್ಕೆ ಹೋದ 140 ಕೋಟಿ ಡಾಲರ್ ಯಾವ ವ್ಯತ್ಯಾಸವನ್ನೂ ಮಾಡಿದಂತೆ ಕಾಣುವುದಿಲ್ಲ ಎಂದು 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಂಕಿ ಅಂಶ ಸಹಿತ ತೋರಿಸಿದರು. ಹಣ ಪಡೆಯುವ ಸಂಸ್ಥೆಗಳು ತಾವು ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆ ಎಂದು ಬರೆದುಕೊಡಬೇಕೆಂಬ ಷರತ್ತೂ ಇತ್ತು. ಲೈಂಗಿಕ ಕಾರ್ಯಕರ್ತೆಯರ ನಡುವೆಯೇ ಕೆಲಸ ಮಾಡಬೇಕಾದವರು ಮೊದಲು ಅವರ ವಿರುದ್ಧ ಸಹಿ ಹಾಕಬೇಕು. ಬ್ರೆಜಿಲ್ 2005ರಲ್ಲಿ ಈ ಕಾರಣಕ್ಕೇ 4 ಕೋಟಿ ಡಾಲರ್ ಬೇಡ ಎಂದಿತು. ಆಫ್ರಿಕಾದ ಬಡ ಸಂಸ್ಥೆಗಳಿಗೆ ಹಾಗೆ ಬೇಡ ಎನ್ನುವ ಅನುಕೂಲ ಇರಲಿಲ್ಲ.

2025ರ ಪೆಟ್ಟು ಎಲ್ಲ ದೇಶಗಳಿಗೂ ಒಂದೇ ತೆರನಾಗಿ ಬೀಳಲಿಲ್ಲ. ದಕ್ಷಿಣ ಆಫ್ರಿಕಾ ತನ್ನ ಎಚ್‌ಐವಿ ಔಷಧವನ್ನು ತನ್ನ ಖಜಾನೆಯಿಂದಲೇ ಕೊಳ್ಳುತ್ತದೆ, ಒಟ್ಟು ಖರ್ಚಿನಲ್ಲಿ ಪೆಪ್‌ಫಾರ್ ಪಾಲು ಸುಮಾರು ಶೇ 17 ಇತ್ತು. ಕೇಳಲು ಸಣ್ಣದು. ಆದರೆ ಆ ಶೇ 17 ಸೋಂಕು ಹೆಚ್ಚಿರುವ 27 ಜಿಲ್ಲೆಗಳಲ್ಲಿ 15 ಸಾವಿರದಷ್ಟು ಸಿಬ್ಬಂದಿಯ ಸಂಬಳವಾಗಿತ್ತು. ಅವರಲ್ಲಿ ಸುಮಾರು 8 ಸಾವಿರ ಮಂದಿ ಕೆಲಸ ಕಳೆದುಕೊಂಡರು. ಲೈಂಗಿಕ ಕಾರ್ಯಕರ್ತೆಯರು, ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಸಲಿಂಗಿ ಪುರುಷರಿಗಾಗಿಯೇ ಇದ್ದ 12 ಚಿಕಿತ್ಸಾಲಯಗಳು ಮುಚ್ಚಿದವು. ಅಲ್ಲಿನ 63 ಸಾವಿರಕ್ಕೂ ಹೆಚ್ಚು ರೋಗಿಗಳ ಕಡತಗಳನ್ನು ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಿಗೆ ವರ್ಗಾಯಿಸಿದ್ದೇವೆ ಎಂದು ಆರೋಗ್ಯ ಸಚಿವರು ಸಂಸತ್ತಿಗೆ ತಿಳಿಸಿದರು. ಕಡತ ವರ್ಗವಾಗುವುದು ಸುಲಭ. ಸಾಲಿನಲ್ಲಿ ನಿಂತಾಗ ನರ್ಸ್ ಎಲ್ಲರೆದುರು ಏನು ಕೇಳುತ್ತಾಳೋ ಎಂಬ ಅಂಜಿಕೆಯಿಂದಲೇ ಈ ಜನ ಬೇರೆ ಚಿಕಿತ್ಸಾಲಯ ಹುಡುಕಿಕೊಂಡಿದ್ದರು.

ಸ್ವಂತ ಹಣ ಇದ್ದ ಮಾತ್ರಕ್ಕೆ ಚಿಂತೆ ತೀರಿತು ಎಂದೂ ಅಲ್ಲ. ಆಫ್ರಿಕಾದಲ್ಲಿ ಎಲ್ಲರಿಗಿಂತ ಮೊದಲು, 2002ರಲ್ಲಿ, ಉಚಿತ ಚಿಕಿತ್ಸೆ ಕೊಟ್ಟ ದೇಶ ಬೋಟ್ಸ್ವಾನಾ. ಆರಂಭದಲ್ಲಿ ಗೇಟ್ಸ್ ಫೌಂಡೇಷನ್ ಮತ್ತು ಮರ್ಕ್ ಕಂಪನಿ ತಲಾ 5 ಕೋಟಿ ಡಾಲರ್ ಕೊಟ್ಟವು, ಆಮೇಲೆ ಹೆಚ್ಚಿನ ಹೊರೆಯನ್ನು ವಜ್ರದ ಆದಾಯದಿಂದ ದೇಶವೇ ಹೊತ್ತಿತು. 2025ರಲ್ಲಿ ವಜ್ರದ ಮಾರುಕಟ್ಟೆಯೂ ಬಿತ್ತು, ನೆರವೂ ನಿಂತಿತು. ಔಷಧಗಳ ತೀವ್ರ ಕೊರತೆಯಿಂದಾಗಿ ಅಧ್ಯಕ್ಷ ಡೂಮಾ ಬೋಕೊ ಆಗಸ್ಟ್‌ನಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು.

ವಿದೇಶಿ ನೆರವನ್ನು ಸ್ಥಳೀಯ ಸರ್ಕಾರದ ಕೈಗೆ ಒಪ್ಪಿಸುವುದು ಅಸಾಧ್ಯವೇನಲ್ಲ, ಅದಕ್ಕೆ ಕರ್ನಾಟಕದ ಅನುಭವವೇ ಸಾಕ್ಷಿ. ಗೇಟ್ಸ್ ಫೌಂಡೇಷನ್ 2003ರಲ್ಲಿ ಭಾರತದ ಆರು ರಾಜ್ಯಗಳಲ್ಲಿ ಆರಂಭಿಸಿದ ‘ಆವಾಹನ್’ ಯೋಜನೆಯಲ್ಲಿ ಕರ್ನಾಟಕವೂ ಇತ್ತು. ಇಲ್ಲಿ ಅದನ್ನು ನಡೆಸಿದವರಲ್ಲಿ ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯ ಪ್ರಮುಖವಾದುದು. ಅದೇ ವಿಶ್ವವಿದ್ಯಾಲಯ 1980ರಿಂದಲೂ ನೈರೋಬಿಯಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಸಂಶೋಧನೆ ಮಾಡುತ್ತಾ ಬಂದಿತ್ತು. ಆವಾಹನ್ ಯೋಜನೆಯನ್ನು ಭಾರತ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊಗೆ ಒಂದೇ ಏಟಿಗೆ ಒಪ್ಪಿಸಲಿಲ್ಲ. 2009ರಿಂದ ಹಂತ ಹಂತವಾಗಿ, ಮೊದಲು ಕೆಲವು ಘಟಕಗಳನ್ನು, ಅಲ್ಲಿ ಕಲಿತ ಪಾಠದಿಂದ ಇನ್ನಷ್ಟನ್ನು, ಕೊನೆಗೆ ಉಳಿದವನ್ನು ಒಪ್ಪಿಸಲಾಯಿತು. ಎಡವಟ್ಟುಗಳು ಆಗಲಿಲ್ಲವೆಂದಲ್ಲ. ಹಣ ಬರುವುದು ತಡವಾದದ್ದುಂಟು, ಸಂಘಗಳ ಸ್ವಾತಂತ್ರ್ಯ ಕುಗ್ಗಿದ್ದುಂಟು. ಆದರೆ ಇಂಥ ದಿನದಿಂದ ಇಂಥ ಘಟಕಕ್ಕೆ ಯಾರು ಸಂಬಳ ಕೊಡುತ್ತಾರೆ ಎಂಬುದು ವರ್ಷಗಳ ಮುಂಚೆ ಗೊತ್ತಿತ್ತು. ಆಫ್ರಿಕಾಕ್ಕೆ ಸಿಕ್ಕಿದ್ದು ನಾಲ್ಕು ದಿನ.

ಆ ವರ್ಷಗಳಲ್ಲೇ ಬೆಳೆದ ಮೈಸೂರಿನ ಆಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರೇ ನಡೆಸುವ ಸಂಸ್ಥೆ. ಕಾಂಡೋಮ್ ಹಂಚುವುದಕ್ಕೆ ಮೊದಲು ಪೊಲೀಸರ ಮತ್ತು ರೌಡಿಗಳ ಹಿಂಸೆ ನಿಲ್ಲಬೇಕು ಎಂಬ ತಿಳಿವಳಿಕೆಯಿಂದ ಹೊರಟ ಅವರು, ತಮ್ಮ ಅನುಭವವನ್ನು ಬೇರೆಯವರಿಗೆ ಕಲಿಸುವ ಅಕಾಡೆಮಿಯನ್ನೂ ತೆರೆದರು. ಆಫ್ರಿಕಾದ ಲೈಂಗಿಕ ಕಾರ್ಯಕರ್ತೆಯರು ಮೈಸೂರಿಗೆ ಬಂದು ನೋಡಿದರು, ಕಲಿತರು. ಆ ಮಾದರಿಯಲ್ಲೇ 2014ರಲ್ಲಿ ನೈರೋಬಿಯಲ್ಲಿ ಆಫ್ರಿಕಾದ್ದೇ ಆದ ಅಕಾಡೆಮಿ ಆರಂಭವಾಯಿತು. ನೆರವು ಎಂದರೆ ಬಿಳಿಯರ ಹಣ, ಕರಿಯರ ಕೈ ಎಂಬ ಚಿತ್ರವನ್ನಷ್ಟೇ ನೋಡಿದವರಿಗೆ ಈ ಮೈಸೂರು–ನೈರೋಬಿ ದಾರಿ ಗೊತ್ತೇ ಇರುವುದಿಲ್ಲ. ನನಗೆ ಇಡೀ ಇತಿಹಾಸದಲ್ಲಿ ಅತ್ಯಂತ ಭರವಸೆ ಕೊಡುವ ಸಂಗತಿ ಇದು.

ಈಗ ಅತಿ ಹೆಚ್ಚು ಅಪಾಯದಲ್ಲಿರುವವರೂ ಈ ಲೈಂಗಿಕ ಕಾರ್ಯಕರ್ತೆಯರಂಥವರೇ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಹೊಸ ಜಾಗತಿಕ ಆರೋಗ್ಯ ನೀತಿಯ ಪ್ರಕಾರ, ಮಧ್ಯವರ್ತಿ ಸಂಸ್ಥೆಗಳನ್ನು ಬಿಟ್ಟು ನೇರವಾಗಿ ಸರ್ಕಾರಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಔಷಧ ಮತ್ತು ಮುಂಚೂಣಿ ಸಿಬ್ಬಂದಿಯ ಖರ್ಚನ್ನು ಕ್ರಮೇಣ ಆಯಾ ದೇಶವೇ ಹೊರಬೇಕು. ನೆರವಿನಲ್ಲಿ ಶೇ 40ರಷ್ಟು ಮಾತ್ರ ಔಷಧ ಮತ್ತು ಮುಂಚೂಣಿ ಸಿಬ್ಬಂದಿಗೆ ಹೋಗುತ್ತಿತ್ತು ಎಂದು ಆ ನೀತಿ ದೂರುತ್ತದೆ. ಆ ದೂರಿನಲ್ಲಿ ಹುರುಳಿದೆ, ವಾಷಿಂಗ್ಟನ್ನಿನ ಗುತ್ತಿಗೆ ಸಂಸ್ಥೆಗಳ ಕಚೇರಿ ಖರ್ಚನ್ನು ಸಮರ್ಥಿಸುವುದು ನನ್ನಿಂದಾಗದು. ಮೊದಲ ಒಪ್ಪಂದ ಡಿಸೆಂಬರ್ 4ರಂದು ಕೀನ್ಯಾದ ಜೊತೆ ಆಯಿತು. ಐದು ವರ್ಷಕ್ಕೆ ಅಮೆರಿಕದ್ದು 160 ಕೋಟಿ ಡಾಲರ್, ಕೀನ್ಯಾ ಹೆಚ್ಚುವರಿಯಾಗಿ ಹಾಕಬೇಕಾದದ್ದು 85 ಕೋಟಿ. ರೋಗಿಗಳ ಮಾಹಿತಿ ಅಮೆರಿಕದ ಕೈಸೇರುತ್ತದೆ ಎಂಬ ಆಕ್ಷೇಪದ ಮೇಲೆ ಕೀನ್ಯಾದ ಹೈಕೋರ್ಟ್ ಅದೇ ತಿಂಗಳು ಮಾಹಿತಿ ಹಂಚಿಕೆಯ ಭಾಗಕ್ಕೆ ತಡೆ ಕೊಟ್ಟಿತು.

ಸರ್ಕಾರಗಳೇ ಹೊಣೆ ಹೊರಬೇಕು ಎಂಬುದು ಸರಿಯಾದ ಗುರಿ. ಆದರೆ ಉಗಾಂಡ 2023ರಲ್ಲಿ ಸಲಿಂಗ ಸಂಬಂಧಕ್ಕೆ ಜೀವಾವಧಿ ಶಿಕ್ಷೆ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಯನ್ನೂ ವಿಧಿಸುವ ಕಾನೂನು ತಂದಿತು. ಅಂಥ ಸರ್ಕಾರ ಸಲಿಂಗಿ ಪುರುಷರ ನಡುವೆ ಕೆಲಸ ಮಾಡುವ ಕಾರ್ಯಕರ್ತನನ್ನು ತನ್ನ ಸಂಬಳದ ಪಟ್ಟಿಗೆ ಸೇರಿಸುತ್ತದೆಯೇ? ಲೈಂಗಿಕ ಕಾರ್ಯಕರ್ತೆಯನ್ನು ಬಂಧಿಸುವ ಸರ್ಕಾರ, ಅವಳ ಗೆಳತಿಗೆ, ತನ್ನಂಥವರಿಗೆ ತಿಳಿಹೇಳುವ ಸಹವರ್ತಿ ಶಿಕ್ಷಕಿ ಎಂದು ಹುದ್ದೆ ಕೊಡುತ್ತದೆಯೇ? ವಿದೇಶಿ ಹಣ, ಅದರ ಎಲ್ಲ ದೋಷಗಳ ನಡುವೆಯೂ, ಇಂಥವರಿಗೆ ಆಸರೆಯಾಗಿತ್ತು. ಹೊಸ ಒಪ್ಪಂದಗಳಲ್ಲಿ ಇವರಿಗೆಂದೇ ಪ್ರತ್ಯೇಕ ಹಣ ಇಟ್ಟು, ಅದು ಸಂಘಗಳಿಗೆ ನೇರವಾಗಿ ಹೋಗುವಂತೆ ಮಾಡದಿದ್ದರೆ ಇವರು ಲೆಕ್ಕದಿಂದಲೇ ಕಾಣೆಯಾಗುತ್ತಾರೆ. ಆ ಕೆಲಸವನ್ನು ಗ್ಲೋಬಲ್ ಫಂಡ್ ಮಾಡಬಹುದಿತ್ತು. ಅದರ ಸ್ಥಿತಿಯೂ ಇಕ್ಕಟ್ಟಿನದೇ. ಮುಂದಿನ ಮೂರು ವರ್ಷಕ್ಕೆ 1,800 ಕೋಟಿ ಡಾಲರ್ ಬೇಕು ಎಂದು ಕೇಳಿತ್ತು, 2025ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸಿಕ್ಕ ವಾಗ್ದಾನ 1,134 ಕೋಟಿ. ಬ್ರಿಟನ್ ಕೂಡ ತನ್ನ ಪಾಲನ್ನು 100 ಕೋಟಿ ಪೌಂಡ್‌ನಿಂದ 85 ಕೋಟಿಗೆ ಇಳಿಸಿತು.

ಔಷಧದ ಕಡೆಯಿಂದ ಮಾತ್ರ ಒಳ್ಳೆಯ ಸುದ್ದಿ ಬರುತ್ತಲೇ ಇದೆ. ಕೀನ್ಯಾದ ಯೂನಿವರ್ಸಲ್ ಕಾರ್ಪೊರೇಷನ್ ತಯಾರಿಸಿದ ಎಚ್‌ಐವಿ ಮಾತ್ರೆಯನ್ನು ಗ್ಲೋಬಲ್ ಫಂಡ್ 2025ರಲ್ಲಿ ಖರೀದಿಸಿ ಮೊಜಾಂಬಿಕ್‌ಗೆ ಕಳುಹಿಸಿತು. ಆಫ್ರಿಕಾದಲ್ಲೇ ತಯಾರಾದ, ಚಿಕಿತ್ಸೆಯಲ್ಲಿ ಮೊದಲು ಕೊಡುವ ಎಚ್‌ಐವಿ ಔಷಧವನ್ನು ಅದು ಕೊಂಡದ್ದು ಇದೇ ಮೊದಲು. ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿ 2016ರಲ್ಲಿ ಆ ಕಾರ್ಖಾನೆಯ ಶೇ 51ರಷ್ಟು ಪಾಲನ್ನು ಕೊಂಡಿತ್ತು. ಇನ್ನೂ ದೊಡ್ಡ ಸುದ್ದಿ ಲೆನಕಾಪವಿರ್ ಎಂಬ ಚುಚ್ಚುಮದ್ದು. ಆರು ತಿಂಗಳಿಗೊಮ್ಮೆ ಹಾಕಿಸಿಕೊಂಡರೆ ಸೋಂಕನ್ನು ತಡೆಯುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ನಡೆದ ಪ್ರಯೋಗದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ 28 ಸಾವಿರ ಡಾಲರ್‌ಗೂ ಹೆಚ್ಚು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ 120 ದೇಶಗಳಿಗೆ ಇದನ್ನು ವರ್ಷಕ್ಕೆ 40 ಡಾಲರಿಗೆ ಕೊಡಲಿವೆ. ಇದನ್ನು ಕಂಡುಹಿಡಿದ ಮೂಲ ಕಂಪನಿಯ ಮೊದಲ ಡೋಸ್‌ಗಳು 2025ರ ನವೆಂಬರ್‌ನಲ್ಲಿ ಎಸ್ವಾಟಿನಿ ಮತ್ತು ಜಾಂಬಿಯಾ ತಲುಪಿವೆ.

ಈ ಚುಚ್ಚುಮದ್ದು ಕೊಡುವ ಮೊದಲು ಪ್ರತಿ ಸಲವೂ ಎಚ್‌ಐವಿ ಪರೀಕ್ಷೆ ಆಗಬೇಕು. ಆರು ತಿಂಗಳ ನಂತರ ಅದೇ ಯುವತಿಯನ್ನು ಮತ್ತೆ ಹುಡುಕಿ ಕರೆಯಬೇಕು. ಅವಳು ಊರು ಬದಲಿಸಿರುತ್ತಾಳೆ, ಫೋನ್ ನಂಬರ್ ಬದಲಾಗಿರುತ್ತದೆ, ಗಂಡ ಬೇಡ ಎಂದಿರುತ್ತಾನೆ. 40 ಡಾಲರ್ ಔಷಧದ ಬೆಲೆ ಮಾತ್ರ, ಹುಡುಕಿ ಕರೆತರುವವಳ ಸಂಬಳ ಅದರಲ್ಲಿ ಸೇರಿಲ್ಲ. ಮೊದಲ ಮೂರು ವರ್ಷಗಳಲ್ಲಿ 20 ಲಕ್ಷ ಜನರನ್ನು ತಲುಪುವುದು ಪೆಪ್‌ಫಾರ್ ಮತ್ತು ಗ್ಲೋಬಲ್ ಫಂಡ್ ಇಟ್ಟುಕೊಂಡಿರುವ ಗುರಿ. ಆ ಗುರಿ ಕೈಗೂಡಬೇಕಾದರೆ 2025ರಲ್ಲಿ ಮನೆಗೆ ಕಳುಹಿಸಿದ ಆಪ್ತ ಸಮಾಲೋಚಕರನ್ನೂ ಕ್ಷೇತ್ರ ಕಾರ್ಯಕರ್ತೆಯರನ್ನೂ ಈ ಬಾರಿ ಆಯಾ ದೇಶದ ಆರೋಗ್ಯ ಇಲಾಖೆಯ ನೌಕರರಾಗಿ ಮರಳಿ ಕರೆಯಬೇಕು. ಅವರ ಸಂಬಳದ ಎಷ್ಟು ಪಾಲನ್ನು ದಾನಿಗಳು ಯಾವ ವರ್ಷದವರೆಗೆ ಹೊರುತ್ತಾರೆ ಎಂಬುದನ್ನು ಈಗ ಸಹಿಯಾಗುತ್ತಿರುವ ಪ್ರತಿಯೊಂದು ಒಪ್ಪಂದದಲ್ಲೂ ಬರೆಯಬೇಕು.